ತಮ್ಮನಿಗೆ ಮಂಡಿ ಏಟು, ಬೆಳಿಗ್ಗೆ ಒಳಗೆ ಕ್ರಚಸ್ ಬೇಕು, ಮೈಸೂರಲ್ಲಿ ಈಗ ಎಲ್ಲಿ ಸಿಗತ್ತೆ?

ಕುವೆಂಪುನಗರ_ಅಕ್ಕ:
ನಮಸ್ಕಾರ, ತುಂಬಾ ಅರ್ಜೆಂಟ್. ಸಂಜೆ ಕಬಡ್ಡಿ ಆಡೋವಾಗ ತಮ್ಮನ ಬಲಗಾಲು ಮಂಡಿ ಹತ್ರ ತಿರುಚ್ಕೊಂಡ್ಬಿಡ್ತು, ಟಕ್ ಅಂತ ಸದ್ದು ಬಂತಂತೆ, ಗಂಟೆ ಒಳಗೆ ಊದ್ಕೊಂಡಿದೆ. ಎಕ್ಸ್‌ರೇ ತೆಗೆಸಿದ್ವಿ, ಮೂಳೆ ಮುರಿದಿಲ್ಲ, ಲಿಗಮೆಂಟ್ ಇರಬಹುದು ಎಂಆರ್‌ಐ ಮಾಡಿಸಿ ಅಂದ್ರು, ಬೆಲ್ಟ್ ಹಾಕಿ ಕಾಲು ಊರಲೇಬೇಡ ಅಂತ ಕಳಿಸಿದ್ರು. ಊರಬೇಡ ಸರಿ, ಆದ್ರೆ ಹೇಗೆ ನಡೀಬೇಕು? ಅಲ್ಲಿ ಕ್ರಚಸ್ ಇರ್ಲಿಲ್ಲ. ನಾಳೆ 10 ಗಂಟೆಗೆ ಸೆಮಿಸ್ಟರ್ ಪರೀಕ್ಷೆ, ರೂಮು ಎರಡನೇ ಮಹಡಿ. ಭಾನುವಾರ ರಾತ್ರಿ ಅಂಗಡಿ ಎಲ್ಲಾ ಮುಚ್ಚಿದೆ, ಆನ್‌ಲೈನ್‌ನಲ್ಲಿ ಎರಡು ದಿನ ಅಂತ ತೋರಿಸ್ತಿದೆ. ಅವನು 5 ಅಡಿ 9 ಇಂಚು. ದಯವಿಟ್ಟು ಹೇಳಿ.

ಅಗ್ರಹಾರದವನು:
ಮೇಡಂ, ಹಗಲಲ್ಲಾದ್ರೆ ಸೀದಾ ಧನ್ವಂತರಿ ರಸ್ತೆಗೆ ಹೋಗಿ ಅಂತಿದ್ದೆ, ಕೆ.ಆರ್. ಆಸ್ಪತ್ರೆ ಸುತ್ತಮುತ್ತ ಸರ್ಜಿಕಲ್ ಅಂಗಡಿಗಳಿವೆ, ಆದ್ರೆ ಬೆಳಿಗ್ಗೆ ಅವರು ಬಾಗಿಲು ತೆಗೆಯೋವರೆಗೂ ಕಾದ್ರೆ ಪರೀಕ್ಷೆಗೆ ಲೇಟಾಗತ್ತೆ. ಈಗ್ಲೇ ರಾತ್ರಿಯಿಡೀ ತೆಗೆದಿರೋ ದೊಡ್ಡ ಆಸ್ಪತ್ರೆ ಫಾರ್ಮಸಿಗಳಿಗೆ ಫೋನ್ ಮಾಡಿ ಕೇಳಿ, ಸುಮ್ನೆ ಓಡಾಡ್ಬೇಡಿ. ಅದಕ್ಕಿಂತ ಬೇಗ ಆಗೋದು ಅಂದ್ರೆ ನಿಮ್ಮ ಬೀದಿ ವಾಟ್ಸಾಪ್ ಗ್ರೂಪ್‌ಗೆ ಒಂದು ಮೆಸೇಜ್ ಹಾಕಿ. ಯಾರಾದ್ರೂ ಆಪರೇಷನ್ ಆದಮೇಲೆ ಅಟ್ಟಕ್ಕೆ ಹಾಕಿಟ್ಟಿರ್ತಾರೆ, ನಮ್ಮಪ್ಪನಿಗೂ ಹಾಗೇ ಸಿಕ್ಕಿದ್ದು. ಇನ್ನೊಂದು, ಕಾಲೇಜಿಗೆ ಈಗ್ಲೇ ತಿಳಿಸಿ, ಕೆಳಗಿನ ರೂಮು ಕೇಳಿ, ಕೇಳೋದ್ರಲ್ಲಿ ಸಂಕೋಚ ಏನಿಲ್ಲ.

ಫಿಸಿಯೋ_ಮೈಸೂರು:
ಸಿಕ್ಕಿದ ತಕ್ಷಣ ಹಾಗೇ ಕೊಟ್ಬಿಡ್ಬೇಡಿ, ಅಳತೆ ಸರಿ ಮಾಡಿ. ಶೂ ಹಾಕಿಸಿ ನಿಲ್ಲಿಸಿ, ಕಂಕುಳಕ್ಕೂ ಕ್ರಚಸ್ ಮೇಲ್ಭಾಗಕ್ಕೂ ಮಧ್ಯೆ ಎರಡು ಮೂರು ಬೆರಳು ಜಾಗ ಇರಲಿ. ಕೈ ಇಳಿಬಿಟ್ರೆ ಕ್ರಚಸ್ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ಆಗ ಹಿಡ್ಕೊಂಡಾಗ ಮೊಣಕೈ ಸ್ವಲ್ಪ ಬಾಗತ್ತೆ, ಅದೇ ಸರಿ. ಭಾರ ಅಂಗೈ ಮೇಲೆ, ಕಂಕುಳ ಮೇಲೆ ಅಲ್ಲವೇ ಅಲ್ಲ. ಎಲ್ರೂ ಸುಸ್ತಾದಾಗ ಕಂಕುಳ ಮೇಲೆ ಜೋತುಬೀಳ್ತಾರೆ, ಅಲ್ಲಿ ನರ ಹಾದುಹೋಗತ್ತೆ, ಒತ್ತಿದ್ರೆ ಕೈ ಜೋಮು ಹಿಡಿದು ಮಣಿಕಟ್ಟು ಎತ್ತಕ್ಕಾಗದೆ ಹೋಗಬಹುದು. ಮೆಟ್ಟಿಲು ಹತ್ತೋವಾಗ ಒಳ್ಳೆ ಕಾಲು ಮೊದಲು, ಆಮೇಲೆ ಕ್ರಚಸ್. ಇಳಿಯೋವಾಗ ಕ್ರಚಸ್ ಮೊದಲು, ಆಮೇಲೆ ಒಳ್ಳೆ ಕಾಲು, ಏಟಾದ ಕಾಲು ಎತ್ತಿಕೊಂಡೇ ಇರಲಿ. ಹತ್ತೋವಾಗ ಅವನ ಹಿಂದೆ, ಇಳಿಯೋವಾಗ ಅವನ ಮುಂದೆ ಒಬ್ರು ಇರಿ. ಪಾದ ತಣ್ಣಗಾದ್ರೆ, ಮರಗಟ್ಟಿದ್ರೆ, ಮೀನಖಂಡ ಊದಿ ನೋಯ್ತಿದ್ರೆ ಎಂಆರ್‌ಐ ಬರಲಿ ಅಂತ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹುಬ್ಬಳ್ಳಿ_ಮಂದಿ:
ಅಕ್ಕಾರ, ಮ್ಯಾಲಿನವರು ಹೇಳಿದ್ದು ಖರೇ ಐತ್ರಿ. ನನಗ ಗಾಡಿ ಮ್ಯಾಲಿಂದ ಬಿದ್ದು ಲಿಗಮೆಂಟ್ ಹರದಿತ್ತು, ಕಂಕುಳದಾಗ ಭಾರ ಹಾಕಿ ಅಡ್ಡಾಡಿ ನಾಕು ದಿನದಾಗ ಬೆರಳು ಜುಮ್ ಅನ್ನಾಕ ಹತ್ತಿದ್ವು, ಭಾಳ ಹೆದರಿದ್ದೆ. ಹಳೇವು ಸಿಕ್ರ ತುದಿಗೆ ಇರೋ ರಬ್ಬರ್ ಬುಷ್ ನೋಡ್ರಿ, ಸವೆದಿದ್ರ ಒದ್ದಿ ನೆಲದ ಮ್ಯಾಲೆ ಜಾರತೈತಿ. ಬಚ್ಚಲದಾಗ ಅಂತೂ ಒಬ್ಬನ್ನ ಬಿಡಬ್ಯಾಡ್ರಿ, ಕುರ್ಚಿ ಹಾಕಿ ಕುಂದ್ರಸ್ರಿ.

ಕುವೆಂಪುನಗರ_ಅಕ್ಕ:
ಎಲ್ರಿಗೂ ಥ್ಯಾಂಕ್ಸ್. ಗ್ರೂಪಲ್ಲಿ ಹಾಕಿ ಇಪ್ಪತ್ತು ನಿಮಿಷಕ್ಕೆ ಹಿಂದಿನ ಬೀದಿ ಆಂಟಿ ಫೋನ್ ಮಾಡಿದ್ರು, ಅಂಕಲ್‌ದು ಅಲ್ಯೂಮಿನಿಯಂ ಜೊತೆ ಇತ್ತು. ಅಂಕಲ್ ಕುಳ್ಳಗಿದ್ರು, ಬಟನ್ ಒತ್ತಿ ಮೂರು ತೂತು ಉದ್ದ ಮಾಡಿದ್ವಿ. ಒಂದು ಬುಷ್ ಪೂರ್ತಿ ಸವೆದಿತ್ತು ಸರ್, ನೀವು ಹೇಳದಿದ್ರೆ ನೋಡ್ತಾನೇ ಇರ್ಲಿಲ್ಲ, ಆಂಟಿ ಮನೇಲಿದ್ದ ವಾಕರ್‌ದು ತೆಗೆದು ಹಾಕಿದ್ವಿ, ಸರಿಯಾಗಿ ಕೂತ್ಕೊಂಡ್ತು. ರಾತ್ರಿ ಹಾಲಲ್ಲೇ ಹತ್ತು ಸಲ ಓಡಾಡಿಸಿದೆ. ಕಾಲೇಜಿನವರು ಕೆಳಗಡೇನೇ ಕೂರಿಸಿದ್ರು, ಪೇಪರ್ ಬರೆದು ಬಂದ. ಎಂಆರ್‌ಐ ಬುಧವಾರ. ಅಂಗೈ ಉರಿ ಅಂತಿದಾನೆ, ಅಮ್ಮ ಹಿಡಿಗೆ ಹಳೇ ಟವೆಲ್ ಸುತ್ತಿ ಕೊಟ್ಟಿದಾರೆ.