ಅಟ್ಟದಿಂದ ಇಳಿಸಿದ ಚೈನ್ ಸಾ ಸ್ಟಾರ್ಟ್ ಆಗುತ್ತಿಲ್ಲ, ಏನು ಮಾಡಲಿ?

ಹೊಸನಗರ ಕಡೆಯವರ ಪ್ರಶ್ನೆ:
ಅಡಿಕೆ ಕೊಯ್ಲು ಹತ್ತಿರ ಬಂತು, ಬೇಯಿಸಲು ಕಟ್ಟಿಗೆ ಆಗಬೇಕು. ಜೂನ್‌ನಲ್ಲಿ ಅಟ್ಟಕ್ಕೆ ಹಾಕಿದ್ದ ಪೆಟ್ರೋಲ್ ಚೈನ್ ಸಾ ಈಗ ಹಗ್ಗ ಎಳೆದು ಎಳೆದು ಕೈ ಸೋತರೂ ಸ್ಟಾರ್ಟ್ ಆಗುತ್ತಿಲ್ಲ. ಒಮ್ಮೊಮ್ಮೆ ಆದರೂ ಎಕ್ಸಲೇಟರ್ ಒತ್ತಿದ ಕೂಡಲೇ ಆಫ್. ಹೋದ ವರ್ಷ ಹಲಸಿನ ದಿಮ್ಮಿ ಕೊಯ್ಯುವಾಗ ಬಲಕ್ಕೆ ಎಳೆಯುತ್ತಿತ್ತು. ಅಂಗಡಿಯವರು ಕಾರ್ಬೊರೇಟರ್ ಬದಲಿಸಿ ಅನ್ನುತ್ತಾರೆ. ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ಕಾರ್ಬೊರೇಟರ್‌ಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಟ್ಯಾಂಕ್ ಖಾಲಿ ಮಾಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಇನ್ನು ನಮ್ಮ ಮಳೆಗಾಲದಲ್ಲಿ ಕೇಳಬೇಕಾ? ನಮ್ಮನೆಯ ಮಷಿನ್‌ನ ಹಳೆ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದಾಗ ತಳದಲ್ಲಿ ಬೇರೆಯೇ ಒಂದು ಪದರ ನಿಂತಿತ್ತು. ಎಷ್ಟು ಹಗ್ಗ ಎಳೆದರೂ ಇಂಜಿನ್ ಕುಡಿಯುತ್ತಿದ್ದದ್ದು ಅದನ್ನೇ.

ಹೊಸ ಪೆಟ್ರೋಲಿಗೆ ಒಳ್ಳೆ 2ಟಿ (ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಬೆರೆಸಿ. ನನ್ನದಕ್ಕೆ ಲೀಟರಿಗೆ 20 ಎಂಎಲ್, ಅಂದರೆ 50ಕ್ಕೆ 1. ನಿಮ್ಮದಕ್ಕೆ ಎಷ್ಟು ಅಂತ ಪುಸ್ತಕದಲ್ಲಿ ನೋಡಿಯೇ ಹಾಕಿ, ಅಂದಾಜಿಗೆ ಬೇಡ. ಟ್ಯಾಂಕಿನೊಳಗೆ ಪೈಪಿನ ತುದಿಗೆ ಸಣ್ಣ ಫಿಲ್ಟರ್ ಇದೆ, ಕೊಕ್ಕೆ ಮಾಡಿದ ತಂತಿಯಿಂದ ಹೊರಗೆಳೆದು ಹೊಸದು ಹಾಕಿ. ಒತ್ತಿದ ಕೂಡಲೇ ಆಫ್ ಆಗುವುದು ಹೆಚ್ಚಾಗಿ ಇಲ್ಲಿಂದಲೇ. ಮುಚ್ಚಳ ಒಮ್ಮೆ ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಮತ್ತೆ ನಿಂತರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ ಅಂತ ಅರ್ಥ. ಏರ್ ಫಿಲ್ಟರನ್ನೂ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗಿದೆ. ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು, ಪ್ಲಗ್ ಇಲ್ಲದೆ ಏಳೆಂಟು ಸಲ ಹಗ್ಗ ಎಳೆಯಿರಿ, ಒಳಗಿದ್ದದ್ದು ಹೊರಗೆ ಬರುತ್ತದೆ. ಆ ಹೊತ್ತಿಗೆ ಹತ್ತಿರ ಒಲೆ, ಬೀಡಿ ಏನೂ ಇರಬಾರದು. ಇಷ್ಟೆಲ್ಲಾ ಆದ ಮೇಲೂ ಸರಿಹೋಗದಿದ್ದರೆ ಮಾತ್ರ ಕಾರ್ಬೊರೇಟರ್ ಮಾತು. ಅದಕ್ಕೂ ಡಯಾಫ್ರಮ್ (ಒಳಗಿನ ತೆಳು ಪೊರೆ) ಕಿಟ್ ಬೇರೆಯಾಗಿ ಸಿಗುತ್ತದೆ, ಪೂರ್ತಿ ಬದಲಿಸಬೇಕಂತಿಲ್ಲ.

ಸಾಗರದಿಂದ:
ಸ್ಟಾರ್ಟಿಂಗ್ ವಿಷಯ ಮೇಲಿನವರೇ ಹೇಳಿದ್ದಾರೆ. ಬಲಕ್ಕೆ ಎಳೆಯುವುದು ಚೈನಿನ ತೊಂದರೆ. ಎಡಗಡೆಯ ಹಲ್ಲುಗಳು ಮೊಂಡಾಗಿವೆ ಅಥವಾ ಗಿಡ್ಡ ಆಗಿವೆ, ಹಾಗಾಗಿ ಹರಿತ ಇರುವ ಬಲಗಡೆಗೆ ಓಡುತ್ತದೆ. ಅರ ಹಾಕುವಾಗ ಒಂದು ಕಡೆಗೆ ಕೈ ಚೆನ್ನಾಗಿ ಕೂರುತ್ತದೆ, ಇನ್ನೊಂದು ಕಡೆಗೆ ಕೂರುವುದಿಲ್ಲ, ಅಲ್ವಾ? ಎಲ್ಲಕ್ಕಿಂತ ಗಿಡ್ಡ ಇರುವ ಹಲ್ಲಿನ ಅಳತೆಗೆ ಉಳಿದವನ್ನೆಲ್ಲಾ ತನ್ನಿ. ದುಂಡನೆ ಅರದ ಸೈಜ್ ಚೈನಿಗೆ ತಕ್ಕಂತೆ ಇರಬೇಕು, ನನ್ನ .325 ಇಂಚಿನ ಚೈನಿಗೆ 4.8 ಎಂಎಂ. ಒಳಗಿನಿಂದ ಹೊರಕ್ಕೆ ಒಂದೇ ಕಡೆಗೆ ತಳ್ಳಿ, ಹಿಂದಕ್ಕೆ ಉಜ್ಜಬೇಡಿ. ಮುಟ್ಟುವ ಮೊದಲು ಪ್ಲಗ್ ಕ್ಯಾಪ್ ತೆಗೆದಿಡಿ.

ಕೊಯ್ಯುವಾಗ ಕೆಳಗೆ ಬೀಳುವುದನ್ನು ಅಂಗೈಗೆ ತಗೊಂಡು ನೋಡಿ. ಅಕ್ಕಿಹಿಟ್ಟಿನಂಥ ಹುಡಿ ಬಿದ್ದರೆ ಚೈನ್ ಮೊಂಡು. ಸಣ್ಣ ಸಣ್ಣ ಚಕ್ಕೆ ಬಿದ್ದರೆ ಹರಿತ ಇದೆ. ಮೊಂಡು ಚೈನನ್ನು ಮೈಭಾರ ಹಾಕಿ ಒತ್ತಬೇಡಿ ದಯವಿಟ್ಟು. ಬಾರ್ (ಚೈನ್ ಸುತ್ತುವ ಉದ್ದನೆ ಪಟ್ಟಿ) ಸುಡುತ್ತದೆ, ಹಿಡಿತವೂ ತಪ್ಪುತ್ತದೆ. ಬಾರಿನ ಮೂತಿಯ ಮೇಲಂಚು ದಿಮ್ಮಿಗೆ ತಾಗಿದರೆ ಮಷಿನ್ ಮುಖದ ಕಡೆಗೆ ಎಗರುತ್ತದೆ, ನಮ್ಮ ಕೆಲಸದಾಳಿಗೆ ಹೆಗಲಿನವರೆಗೆ ಬಂದು ಬ್ರೇಕಿನಿಂದ ನಿಂತಿತ್ತು. ಅವತ್ತಿನಿಂದ ಚೈನ್ ಬ್ರೇಕ್ ನೋಡದೆ ಯಾರ ಕೈಗೂ ಮಷಿನ್ ಕೊಡುವುದಿಲ್ಲ.

ಬಾರಿಗೆ ಆಯಿಲ್ ಬರುತ್ತಿದೆಯಾ ಅಂತ ತಿಳಿಯಲು ಒಣ ಅಡಿಕೆ ಹಾಳೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಮೂತಿ ಹಿಡಿದು ಜೋರು ಮಾಡಿ. ಎಣ್ಣೆ ಗೆರೆ ಬೀಳಬೇಕು. ಬೀಳದಿದ್ದರೆ ಬಾರಿನ ಸಣ್ಣ ತೂತಿನಲ್ಲಿ ಹುಡಿ ಕಟ್ಟಿದೆ, ತಂತಿ ಹಾಕಿ ಬಿಡಿಸಿ. ಇನ್ನೊಂದು, ಬಿಸಿಯಲ್ಲಿ ಬಿಗಿ ಮಾಡಿದ ಚೈನನ್ನು ಕೆಲಸ ಮುಗಿದ ಮೇಲೆ ಸಡಿಲ ಮಾಡಿ ಇಡಿ, ತಣ್ಣಗಾದಾಗ ಅದು ಕುಗ್ಗುತ್ತದೆ.

ಹೊಸನಗರ ಕಡೆಯವರು ಮತ್ತೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟ್ಯಾಂಕಿನ ಫಿಲ್ಟರ್ ಕರಿ ಉಂಡೆಯಾಗಿತ್ತು. ಹೊಸದು ಹಾಕಿ ಐದನೇ ಎಳೆತಕ್ಕೆ ಸ್ಟಾರ್ಟ್ ಆಯಿತು, ಈಗ ಒತ್ತಿದರೂ ನಿಲ್ಲುವುದಿಲ್ಲ. ಎಡಗಡೆಯ ಹಲ್ಲು ನಿಜವಾಗಿಯೂ ಗಿಡ್ಡ ಇವೆ, ಅರ ಹಾಕಿದೆ. ಆದರೂ ದಪ್ಪ ದಿಮ್ಮಿಯಲ್ಲಿ ಸ್ವಲ್ಪ ಓರೆ ಹೋಗುತ್ತದೆ.

ಸಾಗರದಿಂದ:
ಹಾಗಾದರೆ ಬಾರಿನ ಅಂಚು ಒಂದು ಕಡೆ ಸವೆದಿದೆ. ಚೈನ್ ತೆಗೆದು ಬಾರನ್ನು ಸಮ ಹಲಗೆಯ ಮೇಲೆ ಉದ್ದದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿ. ವಾಲಿದರೆ ಚಪ್ಪಟೆ ಅರದಿಂದ ಎರಡೂ ಅಂಚು ಸಮ ಮಾಡಿ, ಹಾಕುವಾಗ ಮೇಲೆ ಕೆಳಗೆ ತಿರುಗಿಸಿ ಹಾಕಿ.