ಅಮ್ಮನ ದವಡೆ ಹಲ್ಲು: ಕೀಳಿಸುವುದೋ, ರೂಟ್ ಕೆನಾಲ್ ಮಾಡಿಸುವುದೋ?

ಪ್ರಶ್ನೆ (ಜಗಳೂರು ತಾಲ್ಲೂಕಿನಿಂದ)

58 ವರ್ಷದ ನಮ್ಮ ತಾಯಿಯವರ ಕೆಳದವಡೆಯ ಹಲ್ಲೊಂದು ಹುಳುಕಾಗಿದೆ. ಮೂರು ವಾರಗಳಿಂದ ರಾತ್ರಿ ಮಲಗಿದೊಡನೆ ನೋವು ಹೆಚ್ಚುತ್ತದೆ. ಬಿಸಿ ಕಾಫಿ ಕುಡಿದರೆ ಬಹಳ ಹೊತ್ತು ಮಿಡಿಯುತ್ತದೆ. ಔಷಧದ ಅಂಗಡಿಯಿಂದ ತಂದ ಮಾತ್ರೆಗೆ ಎರಡು ದಿನ ತಗ್ಗಿ ಮತ್ತೆ ಮರುಕಳಿಸಿತು. ಒಬ್ಬ ವೈದ್ಯರು ಎಕ್ಸ್-ರೇ ತೆಗೆಯದೆಯೇ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಬೇಕೆಂದರು. ತಾಯಿಯವರು ಕಿತ್ತುಹಾಕಿಸೋಣ ಎನ್ನುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ದಾವಣಗೆರೆಯಲ್ಲಿ ಎಲ್ಲಿ ತೋರಿಸಬೇಕು? ಉಳಿದ ಹಲ್ಲುಗಳ ಮೇಲಿರುವ ಕಂದು ಕಲೆಗಳೂ ಹುಳುಕೇ?

ಉತ್ತರ 1 (ದಂತವೈದ್ಯೆ)

ತಣ್ಣೀರು ಸೋಕಿದಾಗ ಜುಮ್ಮೆಂದು ಕ್ಷಣದಲ್ಲೇ ನಿಲ್ಲುವ ನೋವಾದರೆ ಹುಳುಕನ್ನು ಕೆರೆದು ಸಿಮೆಂಟ್ ತುಂಬಿಸಿದರೆ ಸಾಕಾಗಬಹುದು. ಆದರೆ ಬಿಸಿಗೆ ಬಹಳ ಹೊತ್ತು ಉಳಿಯುವ, ಮಲಗಿದಾಗ ಹೆಚ್ಚುವ ನೋವು, ಹುಳುಕು ಹಲ್ಲಿನೊಳಗೆ ನರ ಮತ್ತು ರಕ್ತನಾಳಗಳಿರುವ ತಿರುಳನ್ನು ಮುಟ್ಟಿರುವುದರ ಸಾಮಾನ್ಯ ಲಕ್ಷಣ. ಕೊಳೆತ ತಿರುಳಿಗೆ ರಕ್ತ ಸಂಚಾರವೇ ಇಲ್ಲವಾಗುವುದರಿಂದ ನುಂಗಿದ ಆ್ಯಂಟಿಬಯೋಟಿಕ್ ಅಲ್ಲಿಗೆ ತಲುಪುವುದಿಲ್ಲ. ದಯವಿಟ್ಟು ಮಾತ್ರೆಯಲ್ಲೇ ದಿನ ದೂಡಬೇಡಿ.

ರೂಟ್ ಕೆನಾಲ್ ಎಂದರೆ ಆ ತಿರುಳನ್ನು ತೆಗೆದು, ಬೇರಿನೊಳಗಿನ ನಾಳಗಳನ್ನು ತೊಳೆದು ಮುಚ್ಚುವುದು. ಕೆಳಗಿನ ಮೊದಲ ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು ನಾಳಗಳಿರುತ್ತವೆ, ಕೆಲವರಲ್ಲಿ ನಾಲ್ಕು. ಒಂದನ್ನು ಬಿಟ್ಟರೂ ನೋವು ಮರಳಬಹುದು. ಅಗಿಯುವ ಭಾರಕ್ಕೆ ಹಲ್ಲು ಸೀಳದಿರಲೆಂದು ಕ್ಯಾಪ್ ಹಾಕುತ್ತೇವೆ. ಕಿತ್ತು ಜಾಗವನ್ನು ಖಾಲಿ ಬಿಟ್ಟರೆ ಪಕ್ಕದ ಹಲ್ಲುಗಳು ವಾಲಬಹುದು, ಎದುರಿನ ಹಲ್ಲು ಕೆಳಗಿಳಿಯಬಹುದು. ಹಾಗೆಂದು ಬೇರು ಉದ್ದಕ್ಕೆ ಸೀಳಿದ್ದರೆ, ಇಲ್ಲವೇ ಸುತ್ತಲಿನ ಮೂಳೆ ತೀರಾ ಕರಗಿದ್ದರೆ ಕೀಳುವುದೇ ಸರಿ. ಇದು ಎಕ್ಸ್-ರೇ ನೋಡದೆ ಹೇಳುವ ಮಾತಲ್ಲ.

ಹೋಗುವ ಮುನ್ನ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿರಿ. ಬೇರೆ ಸೂಚನೆ ಇಲ್ಲದಿದ್ದರೆ ಬೆಳಗಿನ ತಿಂಡಿ, ಮಾತ್ರೆ ತಪ್ಪಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಿಳಿಸಿ, ತಾವಾಗಿಯೇ ನಿಲ್ಲಿಸಬೇಡಿ. ಕೆನ್ನೆ ಊದಿ ಜ್ವರ ಬಂದರೆ ಅಥವಾ ನುಂಗಲು ಕಷ್ಟವಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಉತ್ತರ 2 (ದಾವಣಗೆರೆಯಿಂದ)

ನಮ್ಮೂರಿನಲ್ಲಿ ಬಾಪೂಜಿ ಡೆಂಟಲ್ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುತ್ತಾರೆ. ಹಣ ಸಾಮಾನ್ಯವಾಗಿ ಕಡಿಮೆ, ಓಡಾಟ ಹೆಚ್ಚು. ಹಳ್ಳಿಯಿಂದ ಬರುವವರು ಎಷ್ಟು ಸಲ ಬರಬೇಕೆಂದು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು. ಖಾಸಗಿ ಕ್ಲಿನಿಕ್ ಆದರೆ ವೈದ್ಯರ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ನೋಡಿರಿ. ಕ್ಯಾಪಿನ ಬೆಲೆ ಸೇರಿಸಿ ಒಟ್ಟು ಎಷ್ಟಾಗುತ್ತದೆಂದು ಬರೆಸಿಕೊಳ್ಳಿರಿ. ಈ ಪ್ರಶ್ನೆಗಳಿಗೆ ಸಿಡುಕುವ ವೈದ್ಯರ ಬಳಿಗೆ ನಾನಂತೂ ಹೋಗುವುದಿಲ್ಲ.

ಉತ್ತರ 3 (ಪಾವಗಡದಿಂದ)

ಚಿಕ್ಕಂದಿನಿಂದಲೂ ಇರುವ ಕಲೆಗಳಾದರೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕಾರಣವಿರಬಹುದು. ನಮ್ಮಲ್ಲೂ ಇದೇ ಕಥೆ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲೇ ಆ ಕಲೆ ಮೂಡುತ್ತದೆ, ಅದು ಹುಳುಕಲ್ಲ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ನೀರನ್ನು ಪರೀಕ್ಷೆ ಮಾಡಿಸಿರಿ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಕ್ಸ್-ರೇ ತೆಗೆಸಲು ತಾಯಿಯವರು ಒಪ್ಪಿದ್ದಾರೆ. ಸೋಮವಾರ ಕಾಲೇಜಿಗೆ ಕರೆತರುತ್ತೇನೆ. ಮಗಳಿಗೆ ನಾಲ್ಕು ವರ್ಷ, ನೀರಿನ ಪರೀಕ್ಷೆಯನ್ನೂ ಮಾಡಿಸುತ್ತೇನೆ.