ಟೊಲುಯಿನ್ ಹೀರೋ ಮಣಿ ಲೋಳೆ ಆಗ್ತಿದೆ, ಎಲ್ಲಿ ತಪ್ತಿದೀನಿ?

ಕಾಳಿತೀರ:
ಕಾರವಾರದಿಂದ, ಎಂಎಸ್ಸಿ ಪ್ರಾಜೆಕ್ಟು, ಎಣ್ಣೆ ಹೀರೋ ಪಾಲಿಮರ್ ಮಣಿ ಮಾಡೋದು, ಪರೀಕ್ಷೆಗೆ ಟೊಲುಯಿನ್ ಅನ್ನೋ ದ್ರಾವಕ. ಲಾರಿಲ್ ಮೆಥಾಕ್ರಿಲೇಟ್, ಬ್ಯೂಟೈಲ್ ಅಕ್ರಿಲೇಟ್ (ಇವೆರಡೂ ಸೇರಿ ಪಾಲಿಮರ್ ಸರಪಳಿ ಆಗೋ ದ್ರವ), ಕ್ರಾಸ್‌ಲಿಂಕರ್ ಇಜಿಡಿಎಂಎ (ಸರಪಳಿಗಳನ್ನ ಒಂದಕ್ಕೊಂದು ಗಂಟು ಹಾಕೋದು) ಅರ್ಧ ಪರ್ಸೆಂಟು, ಇದರಲ್ಲೇ ಕ್ರಿಯೆ ಶುರು ಮಾಡೋ ಬೆಂಜಾಯಿಲ್ ಪೆರಾಕ್ಸೈಡ್ ಕರಗಿಸಿ, ಹನಿ ಒಂದಕ್ಕೊಂದು ಅಂಟದಂತೆ ಪಿವಿಎ ಹಾಕಿದ ನೀರಿಗೆ ಬಿಟ್ಟು 80 ಡಿಗ್ರೀಲಿ ತಿರುಗಿಸ್ದೆ. ಮಣಿ ಸಾಬಕ್ಕಿ ಥರ ಚೆಂದ ಬಂತು. 0.50 ಗ್ರಾಂ ತಗೊಂಡು ಟೊಲುಯಿನ್‌ನಲ್ಲಿ 24 ತಾಸು ನೆನೆಸಿದ್ರೆ 6.20 ಆಯ್ತು, ಅಂದ್ರೆ ಗ್ರಾಮಿಗೆ 11.4 ಗ್ರಾಂ ಹೀರಿದೆ. ಆದ್ರೆ ಸ್ಪ್ಯಾಟುಲಾ ಎತ್ತಿದ್ರೆ ನೂಲು ನೂಲಾಗಿ ಲೋಳೆ ಬರ್ತದೆ, ಉಳಿದ ಟೊಲುಯಿನ್ನೂ ದಪ್ಪ, ಮಣಿ ಮತ್ತೆ ಒಣಗಿಸಿ ತೂಗಿದ್ರೆ ಬರೀ 0.38! ತಲೆ ಕೆಟ್ಟು ಹೋಗಿದೆ.

ಶಿರಸಿಪೇಟೆ:
ತಂಗಿ, ಆ 0.12 ಗ್ರಾಂ ಟೊಲುಯಿನ್‌ನಲ್ಲೇ ಕರಗಿ ಕೂತಿದೆ, ಅದಕ್ಕೇ ಅದು ದಪ್ಪ ಆಗಿದ್ದು. ಬಲೆಗೆ ಗಂಟು ಬೀಳದೇ ಉಳಿದ ಸರಪಳಿ ಅದು, ಗಂಟು ಬಿದ್ದದ್ದು ಉಬ್ತದೆ ಹೊರತು ಕರಗೋದಿಲ್ಲ. ನಿನ್ನ ಜೆಲ್, ಅಂದ್ರೆ ಗಂಟು ಬಿದ್ದ ಭಾಗ, 76 ಪರ್ಸೆಂಟು ಅಷ್ಟೇ. 0.38ರ ಮೇಲೆ ಲೆಕ್ಕ ಹಾಕಿದ್ರೆ 15.3 ಬರತ್ತೆ, ಹಾಗಂತ ಖುಷಿಪಡಬೇಡ, ಬಲೆ ಸಡಿಲ ಇದ್ದಷ್ಟೂ ಉಬ್ಬೋದು ಜಾಸ್ತಿನೇ, ಮಣಿ ಗಟ್ಟಿ ನಿಲ್ಲೋದಿಲ್ಲ. ಮೊದ್ಲು ದ್ರಾವಕ ಮತ್ತೆ ಮತ್ತೆ ಹಾಯಿಸೋ ಉಪಕರಣ ಸಾಕ್ಸ್‌ಲೆಟ್‌ನಲ್ಲಿ ತೊಳೆದು, ತೂಕ ಬದಲಾಗದೇ ಇರೋ ತನಕ ಒಣಗಿಸಿ ಆಮೇಲೆ ನೆನೆಸು. ಇನ್‌ಹಿಬಿಟರ್ (ಆ ದ್ರವ ತಾನಾಗೇ ಗಟ್ಟಿ ಆಗದಂತೆ ಮೊದಲೇ ಹಾಕಿರೋದು) ತೆಗೆದಿದ್ಯಾ? ನೈಟ್ರೋಜನ್ ಬಿಟ್ಟಿದ್ಯಾ?

ಕಾಳಿತೀರ:
ಅಲ್ಯುಮಿನಾ ಕಾಲಮ್‌ನಲ್ಲಿ ಇಳಿಸಿದ್ದೆ ಅಣ್ಣ. ಸಿಲಿಂಡರ್ ಖಾಲಿ ಇತ್ತು, ನೈಟ್ರೋಜನ್ ಇಲ್ದೇ ಮಾಡ್ದೆ.

ಶಿರಸಿಪೇಟೆ:
ಅಲ್ಲೇ ಇರ್ಬೇಕು. ಗಾಳಿಯ ಆಕ್ಸಿಜನ್ ಸರಪಳಿ ಬೆಳೆಸೋ ರ್‍ಯಾಡಿಕಲ್ಲನ್ನ ಹಿಡ್ಕೊಳ್ತದೆ, ಸರಪಳಿ ಉದ್ದ ಬೆಳೆಯೋದಿಲ್ಲ. ಅರ್ಧ ತಾಸು ನೈಟ್ರೋಜನ್ ಬಿಟ್ಟು ಅದೇ ಅರ್ಧ ಪರ್ಸೆಂಟಿನದ್ದು ಒಂದು, 1 ಪರ್ಸೆಂಟಿನದ್ದು ಒಂದು ಮಾಡಿ ಹೋಲಿಸು, ಎರಡನ್ನೂ ಒಟ್ಟಿಗೆ ಬದಲಿಸಿದ್ರೆ ಕಾರಣ ಯಾವುದು ಅಂತ ಗೊತ್ತಾಗೋದಿಲ್ಲ. ತೂಗುವಾಗ ಸ್ಟೀಲ್ ಜಾಳಿಗೆಯಲ್ಲಿ ಪ್ರತಿ ಸಲ ಅಷ್ಟೇ ನಿಮಿಷ ಸೋರಿಸು, ಮುಚ್ಚಳ ಇರೋ ಬಾಟಲಿಯಲ್ಲೇ ತೂಗು, ಟೊಲುಯಿನ್ ನೋಡ್ತಾ ನೋಡ್ತಾ ಆರಿ ಹೋಗ್ತದೆ. ಕ್ಲೋರೋಫಾರ್ಮ್‌ನಲ್ಲಿ ನೆನೆಸೋದಾದ್ರೆ ಮಣಿ ತೇಲ್ತದೆ, ಜಾಳಿಗೆ ಮುಚ್ಚಿ ಮುಳುಗಿಸ್ಬೇಕು. ಎಲ್ಲಾ ಫ್ಯೂಮ್ ಹುಡ್ ಒಳಗೇ.

ಬೈತಖೋಲ:
ನಾವು ಬೋಟಿನವ್ರು. ಇಂಜಿನ್ ಅಡಿ ನೀರಲ್ಲಿ ಡೀಸೆಲ್ ತೇಲ್ತಾ ಇರ್ತದೆ, ಬಟ್ಟೆ ಅದ್ದಿದ್ರೆ ನೀರೇ ಜಾಸ್ತಿ ಬರ್ತದೆ. ಇದಕ್ಕೆ ಈ ಮಣಿ ಆಗ್ತದಾ ತಂಗಿ?

ಕಾಳಿತೀರ:
ಇದೇ ಆಸೆಗೇ ಈ ವಿಷಯ ತಗೊಂಡಿದ್ದು ಅಣ್ಣ. ನೀರು ಬೇಡದೇ ಎಣ್ಣೆ ಮಾತ್ರ ಎಳ್ಕೊಳ್ಳಿ ಅಂತಲೇ ಲಾರಿಲ್‌ನ ಉದ್ದ ಇಂಗಾಲದ ಬಾಲ ಇರೋದು. ಡೀಸೆಲ್ ಟೊಲುಯಿನ್‌ನಷ್ಟು ಬೇಗ ಒಳಗೆ ಹೋಗೋದಿಲ್ಲ, ಅದರ ಅಣು ದೊಡ್ಡದು. ನೈಟ್ರೋಜನ್ ಬಂದ ಮೇಲೆ ಎರಡೂ ಬ್ಯಾಚು ಮಾಡಿ, ಸಮುದ್ರದ ನೀರ ಮೇಲೆ ಡೀಸೆಲ್ ಸುರಿದು, ಹೀರಿದ್ರಲ್ಲಿ ನೀರೆಷ್ಟು ಅಂತ ಬೇರೆ ತೂಗಿ ಇಲ್ಲೇ ಹಾಕ್ತೇನೆ.